ಉಡಿಯಲ್ಲಿ ಹಾಕಿದ ಸೂಜಿ

೨೨ ಜುಲೈ ೨೦೨೪, ಸೋಮವಾರ

‘ಒಡಲೇ, ನೀನು ಯಾರ ಮನೆ?’ ಎಂದು ಎಲ್ಲೋ ಓದಿದ ನೆನಪು. ಮನೆಯೋ ಹೊರೆಯೋ? ‘ನೀನು ಯಾರ ಹೊರೆ’ ಎಂದೂ ಇದ್ದಿರಬಹುದು. ಎಂ.ಎ. ಓದುವಾಗ ಯಾವುದೋ ಪತ್ರಿಕೆಯ ಮೂಲೆಯಲ್ಲಿ ಕಂಡ ಸಾಲು. ಬರೆದವರ ಹೆಸರು ಮರೆತಿದೆ. ಇಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೂಕದ ಯಂತ್ರದ ಮೇಲೆ ನಿಂತಾಗ, ಅದನ್ನು ಬರೆದವರು ತೆಳ್ಳಗಿದ್ದಿರಬೇಕು ಅನ್ನಿಸಿತು. ಮೈಭಾರ ಇರುವವರು ಒಡಲನ್ನು ಪ್ರಶ್ನೆ ಕೇಳುವುದಿಲ್ಲ. ಒಡಲೇ ನಮ್ಮನ್ನು ಕೇಳುತ್ತದೆ. ಬಸ್ಸಿನ ಬಾಗಿಲಲ್ಲಿ ಕೇಳುತ್ತದೆ, ಕಾಲೇಜಿನ ಮೆಟ್ಟಿಲ ಮೇಲೆ ಕೇಳುತ್ತದೆ, ಪ್ಲಾಸ್ಟಿಕ್ ಕುರ್ಚಿ ಕಂಡಾಗಲೆಲ್ಲ ಕೇಳುತ್ತದೆ.

ನಾನು ನೂರಾ ಇಪ್ಪತ್ತೊಂದು ಕಿಲೋ. ತಂಗಿ ಮಾದೇವಿ ನೂರಾ ಮೂವತ್ತನಾಲ್ಕು.

ಇಬ್ಬರೂ ಕೂಡಿಯೇ ಹೋಗಿದ್ದೆವು. ನಾನು ಸವಣೂರಿನಲ್ಲಿ ಹತ್ತಿದ ಬಸ್ಸಿಗೆ ಅವಳು ತಡಸ ಕ್ರಾಸಿನಲ್ಲಿ ಹತ್ತಿದಳು. ಕಂಡಕ್ಟರ್ ಒಮ್ಮೆ ಅವಳನ್ನು, ಒಮ್ಮೆ ಸೀಟನ್ನು ನೋಡಿದ. ಇವಳು ಬಿಡಬೇಕಲ್ಲ: “ಹೆಂಗಸರಿಗೆ ಫ್ರೀ ಐತೆಲ್ಲೋ ತಮ್ಮಾ? ನಂಗ ಎರಡ ಸೀಟ ಬೇಕು. ಎರಡ ಜೀರೋ ಟಿಕೀಟ ಹರಿ. ಸರಕಾರಕ್ಕ ಏನ ಲುಕ್ಸಾನ?” ಇಡೀ ಬಸ್ಸು ನಕ್ಕಿತು. ಅವಳು ಚಿಕ್ಕಂದಿನಿಂದ ಹೀಗೇ. ಬೇರೆಯವರು ನಗುವ ಮೊದಲೇ ತಾನೇ ನಗಿಸಿಬಿಡುತ್ತಾಳೆ.

ನಿಜ ಹೇಳಬೇಕೆಂದರೆ ನಾನು ಹೋದದ್ದು ಅವಳ ಜೊತೆಗೆಂದು. ಎರಡನೆಯ ಹೆರಿಗೆಯ ಗಾಯದ ಜಾಗದಲ್ಲಿ ಅವಳ ಕರುಳು ಹೊರಗೆ ಉಬ್ಬಿ, ತೆಂಗಿನಕಾಯಿಯಷ್ಟು ದೊಡ್ಡ ಗಂಟಾಗಿದೆ. ಹೊಟ್ಟೆಗೆ ಪಟ್ಟಿ ಬಿಗಿದುಕೊಂಡೇ ರೊಟ್ಟಿ ಬಡಿಯುತ್ತಾಳೆ. ತೂಕ ನೂರಾ ಹತ್ತಕ್ಕೆ ಇಳಿಯದೆ ಆಪರೇಶನ್ ಮಾಡಲಾರೆ ಎಂದು ಸರ್ಜನ್ ಹೇಳಿದ್ದಾರೆ. ಮಾಡದಿದ್ದರೆ, ಯಾವತ್ತಾದರೂ ಕರುಳು ಅಲ್ಲೇ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು ಎಂದೂ ಹೇಳಿದ್ದಾರೆ. ಅದಕ್ಕೇ, ವಿಪರೀತ ಬೊಜ್ಜಿಗೆ ಹೊಸ ಸೂಜಿಮದ್ದಿನ ಸಂಶೋಧನೆ ನಡೆದಿದೆ, ಖರ್ಚಿಲ್ಲ, ಎಂದು ಪೇಪರಿನಲ್ಲಿ ಓದಿ ನಾನೇ ಹೊರಡಿಸಿದ್ದು.

ಅವರು ಅವಳನ್ನು ತೆಗೆದುಕೊಳ್ಳಲಿಲ್ಲ. ನನ್ನನ್ನು ತೆಗೆದುಕೊಂಡರು.

ಆರು ವರ್ಷದ ಹಿಂದೆ ಅವಳ ಮೇದೋಜೀರಕ ಗ್ರಂಥಿಗೆ ಬಾವು ಬಂದು ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಅಂಥವರು ಈ ಸಂಶೋಧನೆಗೆ ಬರುವಂತಿಲ್ಲವಂತೆ. ಸಂಶೋಧನೆಯ ನರ್ಸ್ ಭಾಗ್ಯಶ್ರೀ, ಹಾನಗಲ್ಲಿನ ಕಡೆಯ ಹುಡುಗಿ, ಮಾದೇವಿಯ ಕೈ ಹಿಡಿದು ಹೇಳಿದಳು: “ನಿಮಗ ಅಪಾಯ ಆಗಬಾರದಂತ್ರೀ ಅಕ್ಕಾರ. ಬ್ಯಾರೆ ಏನಿಲ್ಲ.”

“ಹೋಗಲಿ ಬಿಡವಾ,” ಎಂದಳು ಮಾದೇವಿ. “ರೇಶನ್ ಕಾರ್ಡಿನ್ಯಾಗೂ ನಂದ ಹೆಸರ ಬಿಟ್ಟಿದ್ರು. ಇಷ್ಟ ದಪ್ಪ ಅದೇನಿ, ಯಾರ ಕಣ್ಣಿಗೂ ಬೀಳಂಗಿಲ್ಲ.”

ಭಾಗ್ಯಶ್ರೀ ನಕ್ಕಳು. ನನಗೆ ನಗು ಬರಲಿಲ್ಲ. ತಡಸದಲ್ಲಿ ಇಳಿಯುವಾಗ ಮಾದೇವಿ ಪಟ್ಟಿಯ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿದದ್ದನ್ನು ಕಿಟಕಿಯಿಂದ ನೋಡಿದೆ. ಬಸ್ಸು ಹೊರಟ ಮೇಲೂ ಕೈ ಬೀಸುತ್ತಿದ್ದಳು.

೬ ಆಗಸ್ಟ್, ಮಂಗಳವಾರ

ಮೊದಲ ಸೂಜಿ ಆಸ್ಪತ್ರೆಯಲ್ಲೇ ಹಾಕಿದರು. ಮುಂದಿನ ನಾಲ್ಕು ಮಂಗಳವಾರಗಳಿಗೆ ನಾಲ್ಕು ಪೆನ್ನು ಕೊಟ್ಟರು. ಬರೆಯುವ ಪೆನ್ನಿನ ಹಾಗೇ ಇದೆ. ಹೊಟ್ಟೆಗೆ ಒತ್ತಿ ಗುಂಡಿ ಅದುಮಿದರಾಯಿತು. ಐಸು ತುಂಬಿದ ಡಬ್ಬಿಯಲ್ಲಿಟ್ಟು ತಂದೆ.

ಡಾಕ್ಟರು ಅರ್ಧ ಗಂಟೆ ಕೂಡಿಸಿ ತಿಳಿಸಿ ಹೇಳಿದರು. ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಔಷಧಿ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ನಮಗೂ ಗೊತ್ತಿರುವುದಿಲ್ಲ, ಕೊಡುವವರಿಗೂ ಗೊತ್ತಿರುವುದಿಲ್ಲ. ಗೊತ್ತಾದರೆ ಮನಸ್ಸು ಮೈಗೆ ಸುಳ್ಳು ಹೇಳುತ್ತದಂತೆ. ಖಾಲಿ ಪೆನ್ನುಗಳನ್ನು ಹಿಂದಕ್ಕೆ ಒಪ್ಪಿಸಬೇಕು. ಬೇರೆ ಯಾರಿಗೂ ಕೊಡಬಾರದು. ಆ ಕಾಗದಕ್ಕೆ ನಾನು ಸಹಿ ಮಾಡಿದೆ.

ನಾವು ಬೆಳೆದ ಹಿರೇಕೆರೂರಿನ ಮನೆಯಲ್ಲಿ ಅವ್ವನದೊಂದು ಕಟ್ಟಳೆ ಇತ್ತು. ಮನೆಗೆ ತಿನ್ನುವ ವಸ್ತು ಏನೇ ಬರಲಿ, ಇಬ್ಬರಿಗೂ ಸಲ್ಲಬೇಕು. ದೊಡ್ಡವಳು ಒಡೆಯಬೇಕು, ಚಿಕ್ಕವಳು ಮೊದಲು ಆರಿಸಿಕೊಳ್ಳಬೇಕು. ಹೀಗಾಗಿ ನಾನು ಬೆಲ್ಲದ ಹೆಂಟೆಯನ್ನು ಅಕ್ಕಸಾಲಿಗರ ಹಾಗೆ ನೋಡಿ ನೋಡಿ ಒಡೆಯುತ್ತಿದ್ದೆ.

ಫ್ರಿಜ್ಜಿನಲ್ಲಿ ನಾಲ್ಕು ಪೆನ್ನುಗಳಿವೆ.

೯ ಆಗಸ್ಟ್, ಶುಕ್ರವಾರ, ಪಂಚಮಿ

ಅವ್ವ ಹೋಗಿ, ಮನೆ ಮಾರಿದ ಮೇಲೆ ಮಾದೇವಿಗೆ ತವರೆಂದರೆ ಸವಣೂರಿನ ಈ ಎರಡು ಕೋಣೆ. ಪಂಚಮಿಗೆ ಬಂದಳು. ಶೇಂಗಾ ಉಂಡಿ, ಎಳ್ಳುಂಡಿ, ಪುಠಾಣಿ ಉಂಡಿ ನಾನೇ ಕಟ್ಟಿದ್ದೆ. ಎದುರು ಮನೆಯ ನುಜಹತ ಮಾದೇವಿಯ ಕುಪ್ಪಸ ಹೊಲಿದು ತಂದಳು. ಓಣಿಯ ಹೆಂಗಸರ ಬಟ್ಟೆಯೆಲ್ಲ ಅವಳೇ ಹೊಲಿಯುವುದು. ನಮ್ಮಿಬ್ಬರ ಮೈಯ ಅಳತೆ ಡಾಕ್ಟರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

“ನಿಮ್ಮ ತಂಗೀದು ಅಳತಿ ತಗೊಳ್ಳಾಕ ಟೇಪ ಸಾಲಂಗಿಲ್ರಿ ಟೀಚರ,” ಎಂದಳು ನುಜಹತ.

“ನಿಮ್ಮ ಟೇಪ ಸಣ್ಣದೈತಿ. ಹೊಲಾ ಅಳಿಯೋ ಸರಪಳಿ ತರ್ರಿ,” ಎಂದಳು ಮಾದೇವಿ. ಇಬ್ಬರೂ ಉಂಡಿ ತಿನ್ನುತ್ತಾ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಸಂಜೆ ಉಡಿ ತುಂಬಿದೆ. ಮದುವೆಯಾಗದವಳು ತುಂಬಬಾರದು ಅನ್ನುತ್ತಾರೆ. ನಮ್ಮಿಬ್ಬರಿಗೆ ಬೇರೆ ಯಾರಿದ್ದಾರೆ? ಅಕ್ಕಿ, ಐದು ಎಲೆ, ಐದು ಅಡಿಕೆ, ಉತ್ತತ್ತಿ, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು. ಕೊನೆಗೆ ನಾಲ್ಕು ಪೆನ್ನುಗಳನ್ನು ತಟ್ಟೆಯಲ್ಲಿಟ್ಟು “ಎರಡು ಆರಿಸಿಕೋ” ಎಂದೆ.

“ಯಾರರ ಉಡ್ಯಾಗ ಸೂಜಿ ಹಾಕತಾರೇನಕ್ಕ?”

“ನಾ ಹಾಕತೇನಿ.”

“ಡಾಕ್ಟರ್ ನಂಗ ಬ್ಯಾಡ ಅಂದಾರಲ್ಲ?”

“ಅದು ಅವರ ಫಾರ್ಮಿನ ಕಟ್ಟಳೆ. ಅವರಿಗೆ ಲೆಕ್ಕ ಸರಿ ಬರಬೇಕು, ನಂಗ ನೀ ಸರಿ ಹೋಗಬೇಕು. ವಾರ ಬಿಟ್ಟು ವಾರ ತಗೋ. ಹಸಿವೀನ ಆಗಂಗಿಲ್ಲಂತ. ನೂರಾ ಹತ್ತಕ್ಕ ಇಳದಿ ಅಂದ್ರ ಆಪರೇಶನ್.”

ಉಡಿಯಲ್ಲಿ ಬಿದ್ದದ್ದನ್ನು ಒಲ್ಲೆ ಅನ್ನಲು ಬರುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತಿತ್ತು. ಎರಡು ಆರಿಸಿಕೊಂಡು ಸೆರಗಿಗೆ ಗಂಟು ಹಾಕಿದಳು. ಗಂಡ ಸುಭಾಸನಿಗೆ ಹೇಳಬೇಡವೆಂದೆ. ತಡಸ ಕ್ರಾಸಿನಲ್ಲಿ ಟೈರಿನ ಅಂಗಡಿ ಇಟ್ಟುಕೊಂಡಿರುವ ಸಾಧು ಮನುಷ್ಯ, ಆದರೆ ಡಾಕ್ಟರ ಮಾತೆಂದರೆ ದೇವರ ಮಾತು ಅವನಿಗೆ.

ಮನಸ್ಸು ಹಗುರಾಗಿದೆ. ಬಹಳ ದಿನದ ಮೇಲೆ ಒಂದು ಕವಿತೆಯನ್ನು ಗಟ್ಟಿಯಾಗಿ ಓದಿಕೊಂಡೆ.

೨೨ ಆಗಸ್ಟ್, ಗುರುವಾರ

ಹಸಿವೆ ನಿಂತಿದೆ.

ಇದನ್ನು ಹೇಗೆ ಬರೆಯಲಿ? ಹಿಟ್ಟಿನ ಗಿರಣಿಯ ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ, ಒಂದು ದಿನ ಕರೆಂಟು ಹೋದಾಗ, ಇಷ್ಟು ದಿನ ಸದ್ದಿತ್ತು ಎಂದು ಗೊತ್ತಾಗುವುದಿಲ್ಲವೇ, ಹಾಗೆ. ನಲವತ್ತೆಂಟು ವರ್ಷ ನನ್ನೊಳಗೆ ಒಂದು ಗಿರಣಿ ತಿರುಗುತ್ತಿತ್ತು. ಪಾಠ ಮಾಡುವಾಗ, ಉತ್ತರ ಪತ್ರಿಕೆ ನೋಡುವಾಗ, ನೋಡಲು ಬಂದ ಗಂಡಿನ ಕಡೆಯವರ ಮುಂದೆ ತಲೆ ತಗ್ಗಿಸಿ ಕೂತಾಗ, ಅವ್ವನ ಹೆಣದ ಮುಂದೆ ಕೂತಾಗ ಕೂಡ ತಿರುಗುತ್ತಿತ್ತು. ಈಗಿಲ್ಲ. ಮಧ್ಯಾಹ್ನ ಅರ್ಧ ರೊಟ್ಟಿ ತಿಂದು ಕೈ ತೊಳೆದೆ. ಕೈ ತಾನೇ ಸಾಕೆಂದಿತು.

ನನ್ನ ಪೆನ್ನಿನಲ್ಲಿರುವುದು ನಿಜವಾದ ಔಷಧಿಯೇ. ಇನ್ನು ಸಂಶಯವಿಲ್ಲ.

ಮಾದೇವಿಗೆ ಫೋನು ಮಾಡಿ ಹೇಳಿದೆ. “ನಿಂಗೂ ಹಂಗ ಆಗೇತಿಲ್ಲ?” ಎಂದೆ.

“ಹೂನಕ್ಕ,” ಎಂದಳು.

೩ ಸೆಪ್ಟೆಂಬರ್, ಮಂಗಳವಾರ

ಹುಬ್ಬಳ್ಳಿ. ೧೧೮. ಭಾಗ್ಯಶ್ರೀ ಖಾಲಿ ಪೆನ್ನು ಎಣಿಸಿಕೊಂಡು ಕೇಳಿದಳು: “ನಾಲ್ಕೂ ನೀವ ತಗೊಂಡ್ರೆಲ್ರಿ ಮೇಡಂ?”

“ನಾಲ್ಕೂ.”

ಮಾದೇವಿಯ ಎರಡು ಖಾಲಿ ಪೆನ್ನುಗಳನ್ನು ಬರುವ ದಾರಿಯಲ್ಲಿ ಕ್ರಾಸಿನಲ್ಲಿ ಇಸಿದುಕೊಂಡಿದ್ದೆ. ಹೋಗುವಾಗ ಹೊಸವು ಎರಡು ಕೊಟ್ಟೆ. ಅವಳ ತೂಕ ಅಂಗಡಿಯ ತೂಕದ ಕಾಟಾದಲ್ಲಿ ೧೨೮ ಅಂತೆ. ನನಗಿಂತ ಚೆನ್ನಾಗಿ ಔಷಧಿಯ ಮಾತು ಕೇಳುತ್ತಿದೆ ಅವಳ ಮೈ.

ಸುಳ್ಳು ಹೇಳುವಾಗ ಗಂಟಲು ಒಣಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

೨೯ ಸೆಪ್ಟೆಂಬರ್, ಭಾನುವಾರ

ತಡಸಕ್ಕೆ ಹೋಗಿದ್ದೆ. ಮಾದೇವಿ ೧೨೧. ನಾನು ಶುರು ಮಾಡಿದ ತೂಕಕ್ಕೆ ಅವಳು ಬಂದಿದ್ದಾಳೆ! ಎಲ್ಲರಿಗೂ ಬಡಿಸಿದಳು, ತಾನು ಕೂರಲಿಲ್ಲ. ಮಕ್ಕಳ ತಟ್ಟೆಯಲ್ಲಿ ಉಳಿದ ತುಣುಕು ಎತ್ತಿ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಅವಳಿಗಿತ್ತು. ಇಂದು ಅದನ್ನು ನಾಯಿಗೆ ಹಾಕಿದಳು. ಹಾಕಿ, ನಾಯಿ ತಿನ್ನುವುದನ್ನು ನೋಡುತ್ತಾ ಬಾಗಿಲಲ್ಲಿ ನಿಂತೇ ಇದ್ದಳು.

“ಹಸಿವಿ ಆಗತೈತೇನ?” ಎಂದು ಕೇಳಿದೆ.

“ಇಲ್ಲಕ್ಕ. ನಿಂಗ?”

“ನಂಗ ಮರತ ಹೋಗೇತಿ.”

“ಹಂಗಾರ ನಂಗೂ ಮರತ ಹೋಗೇತಿ,” ಎಂದಳು.

ಸುಭಾಸ ಹೇಳಿದ: “ಅಕ್ಕಾರ, ಒಂದೀಟ ಬುದ್ಧಿ ಹೇಳ್ರಿ. ಮುಂಜಾನಿ ಚಾ, ಸಂಜಿಗೆ ಗಂಗಾಳದಾಗ ನಾಕ ತುತ್ತ ಮಜ್ಜಿಗಿ ಅನ್ನ. ಹಿಂಗಾದ್ರ ಹೆಂಗ್ರಿ?”

ಅವನಿಗೆ ಹೇಳಿದೆ: “ಹಸಿವೆ ಅನ್ನೂದು ಅರ್ಧ ಚಟ, ಸುಭಾಸ.” ಹಿಂದೆ ನನ್ನ ಬಗ್ಗೆ ಬೇರೆಯವರು ಅನ್ನುತ್ತಿದ್ದ ಮಾತು. ಈಗ ನೋಡಿದರೆ ನಿಜ.

೧೩ ಅಕ್ಟೋಬರ್, ಭಾನುವಾರ

೧೧೫.೨. ಕವಿತೆಯ ಪುಸ್ತಕಗಳನ್ನು ಚೀಲದಲ್ಲಿ ಹಾಕಿ ಅಟ್ಟಕ್ಕೇರಿಸಿದೆ. ಆ ಜಾಗದಲ್ಲಿ ಹೊಸ ತೂಕದ ಯಂತ್ರ ಸರಿಯಾಗಿ ಕೂಡುತ್ತದೆ. ನುಜಹತ ನನ್ನ ನಾಲ್ಕು ಕುಪ್ಪಸ ಬಿಗಿ ಮಾಡಿಕೊಟ್ಟಳು. “ಖುಷಿ ಆತ್ರಿ ಟೀಚರ,” ಎಂದಳು, ಆಮೇಲೆ ಸೂಜಿಗೆ ದಾರ ಪೋಣಿಸುತ್ತಾ, “ಮಾದೇವಿ ಯಾಕ್ರಿ ಫೋನಿನ್ಯಾಗ ನಗಾಕ ಒಲ್ಲಳು?” ಎಂದು ಕೇಳಿದಳು.

ಮೊನ್ನೆ ಸ್ಟಾಫ್ ರೂಮಿನಲ್ಲಿ ದಸರೆಯ ಹೋಳಿಗೆ ಹಂಚಿದರು. ಎಲ್ಲರೂ ತಿನ್ನುವ ಸದ್ದು ಕೇಳುತ್ತಾ ಕೂತೆ. ಮನುಷ್ಯರು ಅಷ್ಟೊಂದು ಅಗಿಯುತ್ತಾರೆಂದು ನಾನು ಗಮನಿಸಿಯೇ ಇರಲಿಲ್ಲ. ಹೇಸಿಗೆಯಾಯಿತು.

೨ ನವೆಂಬರ್, ಶನಿವಾರ, ಪಾಡ್ಯ

ಮಾದೇವಿ ೧೧೩! ಇನ್ನು ಮೂರೇ ಕಿಲೋ. ಮುಂದಿನ ತಿಂಗಳು ಸರ್ಜನ್ನರ ಹತ್ತಿರ ಹೋಗುವುದೆಂದು ನಿಶ್ಚಯಿಸಿದೆವು.

ಹಬ್ಬಕ್ಕೆ ಬಂದವಳು ಹೆಚ್ಚು ಹೊತ್ತು ಗೋಡೆಗೆ ಒರಗಿ ಕೂತೇ ಇದ್ದಳು. ಬಿಸಿಲಿನಲ್ಲೂ ಶಾಲು ಹೊದ್ದಿದ್ದಳು. ಬಾಚಣಿಗೆಯಲ್ಲಿ ಕೈತುಂಬ ಕೂದಲು. ಬಲಗಡೆ ಪಕ್ಕೆಯ ಕೆಳಗೆ ಆಗಾಗ ಚಳಕು ಬಂದು ಬೆನ್ನಿಗೆ ಹೋಗುತ್ತದಂತೆ. ಮೈ ಇಳಿಯುವಾಗ ಅಷ್ಟು ಆಗುವುದೇ ಎಂದೆ. ಕೆಮ್ಮಿದರೆ ಗಂಟು ನೋಯುವುದಿಲ್ಲವಲ್ಲ ಎಂದೆ. ಇಲ್ಲ, ಅದು ಕಡಿಮೆಯಾಗಿದೆ ಎಂದಳು.

ಈಗ ಮಾತೂ ಕಡಿಮೆಯಾಗಿದೆ. ಮೊದಲಿನ ಚೇಷ್ಟೆ ಇಲ್ಲ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆ ಎಂದು ಹೇಳಿದಾಗಲೂ ನಗಲಿಲ್ಲ. ನಲವತ್ಮೂರು ವಯಸ್ಸಿಗೆ ತಂಗಿ ಕೊನೆಗೂ ಗಂಭೀರಳಾದಳು ಅನ್ನಿಸಿ ಸಮಾಧಾನವಾಯಿತು.

ಅವಳಿಗೆ ಮೂರು ಪೆನ್ನು ಕೊಟ್ಟೆ ಈ ಸಲ, ನನಗೆ ಒಂದು. ದಡ ಮುಟ್ಟಲಿ.

೧೮ ನವೆಂಬರ್, ಸೋಮವಾರ

ಬೆಳಿಗ್ಗೆ ಎರಡನೆಯ ಪಿರಿಯಡ್ಡಿನಲ್ಲಿ ಸುಭಾಸನ ಫೋನು. ನಿನ್ನೆಯಿಂದ ಹೊಟ್ಟೆನೋವು, ನಿಲ್ಲದ ವಾಂತಿ. ಹುಬ್ಬಳ್ಳಿಗೆ ಒಯ್ದಿದ್ದಾನೆ. ನಾನು ಮುಟ್ಟುವ ಹೊತ್ತಿಗೆ ತೀವ್ರ ನಿಗಾ ಘಟಕಕ್ಕೆ ಹಾಕಿದ್ದರು. ಗಾಜಿನಾಚೆ ಅವಳು ಮಗ್ಗುಲಾಗಿ ಮೊಣಕಾಲು ಎದೆಗೆ ಹಚ್ಚಿಕೊಂಡು ಮಲಗಿದ್ದಾಳೆ. ಎಷ್ಟೋ ವರ್ಷದಿಂದ ಅವಳಿಗೆ ಹಾಗೆ ಮಲಗಲು ಆಗುತ್ತಿರಲಿಲ್ಲ.

ಮತ್ತೆ ಮೇದೋಜೀರಕ ಗ್ರಂಥಿಯ ಬಾವು. ಈ ಸಲ ಬಹಳ ಜೋರು.

ಡಾಕ್ಟರು ಕೇಳಿದರು: “ಮಾತ್ರೆ, ಇಂಜೆಕ್ಷನ್, ನಾಟಿ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದರಾ?” ಸುಭಾಸ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ರಕ್ತ ಪರೀಕ್ಷೆ ಮಾಡುತ್ತಾರೆ. ಇದ್ದರೆ ಅದರಲ್ಲಿ ಗೊತ್ತಾಗುತ್ತದೆ. ನಾನು ಹೇಳಿದರೆ ಸಂಶೋಧನೆಯಿಂದ ನನ್ನ ಹೆಸರು ತೆಗೆಯುತ್ತಾರೆ. ಅದರಿಂದ ಅವಳಿಗೇನು ಉಪಯೋಗ?

೧೯ ನವೆಂಬರ್, ಮಂಗಳವಾರ

ಜ್ವರ ಇಳಿದಿಲ್ಲ. ಬಿ.ಪಿ. ಕಡಿಮೆ. ಉಸಿರಿಗೆ ಮಾಸ್ಕ್ ಹಾಕಿದ್ದಾರೆ. ಬಟ್ಟೆ ತರಲೆಂದು ಸವಣೂರಿಗೆ ಬಂದಿದ್ದೆ. ಇಂದು ಮಂಗಳವಾರ. ನನ್ನ ಸೂಜಿ ತೆಗೆದುಕೊಂಡೆ. ೧೧೩.೬. ಐದರ ಬಸ್ಸಿಗೆ ವಾಪಸು ಹೋಗಬೇಕು.

೨೦ ನವೆಂಬರ್, ಬುಧವಾರ

ಬೆಳಿಗ್ಗೆ ಡಾಕ್ಟರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಸುಭಾಸ ಕೈ ಮುಗಿದು ಹೇಳಿದ: “ಇಲ್ರಿ ಸಾಹೇಬ್ರ. ಏನರ ತಗೊಂಡಿದ್ರ ಆಕಿ ಅಕ್ಕಗ ಹೇಳತಿದ್ಲು. ಅಕ್ಕ ಎಮ್ಮೆ ಓದ್ಯಾರ. ಅವರು ನಮಗ ಹೇಳದ ಇರತಿದ್ದಿಲ್ಲ.”

ನಾನು ಮೆಟ್ಟಿಲಿಳಿದು ಸಂಶೋಧನಾ ವಿಭಾಗಕ್ಕೆ ಹೋದೆ. ಭಾಗ್ಯಶ್ರೀ ಯಾರದೋ ತೂಕ ಬರೆಯುತ್ತಿದ್ದಳು. ನಿಂತೇ ಹೇಳಿದೆ. ಉಡಿ ತುಂಬಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಆ ಹುಡುಗಿ ಬೈಯಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

“ನಾಲ್ಕೂ ನೀವ ತಗೊಂಡ್ರೆಲ್ರಿ ಅಂತ ಪ್ರತಿ ಸಲ ಕೇಳತಿದ್ನೆಲ್ರಿ ಮೇಡಂ,” ಎಂದಳು. “ನಿಮ್ಮ ಮುಖಾ ನೋಡಿ ಟಿಕ್ ಹಾಕತಿದ್ದೆ.”

ಆಮೇಲೆ ಎದ್ದು ಓಡಿದಳು. ಅವಳು ಓಡಿದ್ದನ್ನು ನಾನು ನೋಡಿರಲಿಲ್ಲ.

ಸುಭಾಸನಿಗೂ ನಾನೇ ಹೇಳಿದೆ. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದವನು ಎದ್ದು, ಎದುರಿನ ಬೆಂಚಿನ ಮೇಲೆ ಹೋಗಿ ಕೂತ.

೨೨ ನವೆಂಬರ್, ಶುಕ್ರವಾರ

ಇಂಥ ಹೊತ್ತಿನಲ್ಲಿ ಮಾತ್ರ ಗುಟ್ಟು ತೆರೆಯಲು ಅವಕಾಶವಿದೆಯಂತೆ. ಮೇಲಿನವರ ಅಪ್ಪಣೆ ತೆಗೆದುಕೊಂಡು ನನ್ನ ಸಂಖ್ಯೆಯ ಹಿಂದೆ ಏನಿತ್ತೆಂದು ನೋಡಿದ್ದಾರೆ. ಡಾಕ್ಟರು ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

“ನಿಮ್ಮ ಪೆನ್ನುಗಳಲ್ಲಿ ಔಷಧಿ ಇರಲಿಲ್ಲ,” ಎಂದರು. “ಉಪ್ಪುನೀರು.”

ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದರು. ಸೂಜಿಯಿಂದ ಮಾದೇವಿಗೆ ಈ ಬಾವು ಬಂದಿಲ್ಲ. ಸರಿಯಾಗಿ ಉಣ್ಣದೆ ಮೂರು ತಿಂಗಳಲ್ಲಿ ಇಪ್ಪತ್ತೊಂದು ಕಿಲೋ ಇಳಿದಿದ್ದಾಳೆ. ಮೈ ಅಷ್ಟು ಬೇಗ ಇಳಿದರೆ ಪಿತ್ತಕೋಶದಲ್ಲಿ ಹರಳು ಕಟ್ಟುತ್ತವೆ. ಒಂದು ಹರಳು ಜಾರಿ ನಾಳದಲ್ಲಿ ಸಿಕ್ಕಿಕೊಂಡಿದೆ. ಇನ್ನೇನು ಅದನ್ನು ತೆಗೆಯುತ್ತಾರೆ.

“ಆದರೆ ಹಸಿವೆ ನಿಂತಿತ್ತು,” ಎಂದೆ. “ನನಗೆ ನಿಂತಿತ್ತು.”

“ಹಾಗೆ ಅನ್ನಿಸುತ್ತದೆ. ಅದಕ್ಕೇ ಹೀಗೆ ಪರೀಕ್ಷೆ ಮಾಡುತ್ತೇವೆ.” ಡಾಕ್ಟರು ಒಳ್ಳೆಯವರು. ಆಮೇಲೆ ಕೇಳಿದರು: “ಅವರು ಯಾಕೆ ಊಟ ಬಿಟ್ಟರು, ನಿಮಗೇನಾದರೂ ಗೊತ್ತೇ?”

ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಯಾರೋ ಡಬ್ಬಿ ತೆಗೆದು ಬದನೆಕಾಯಿ ಪಲ್ಯ ಬಡಿಸಿಕೊಳ್ಳುತ್ತಿದ್ದರು. ಬಾಯಲ್ಲಿ ನೀರು ಬಂತು. ಗಿರಣಿ ಎಲ್ಲಿಗೂ ಹೋಗಿರಲಿಲ್ಲ.

೩ ಡಿಸೆಂಬರ್, ಮಂಗಳವಾರ

ಹರಳು ತೆಗೆದು ಹತ್ತು ದಿನವಾಯಿತು. ಎರಡು ಸಲ ಕೈಬಿಟ್ಟಂತಾಗಿ ಮತ್ತೆ ಸಿಕ್ಕಿದಳು. ಇಂದು ವಾರ್ಡಿಗೆ ತಂದಿದ್ದಾರೆ. ಸುಭಾಸ ಔಷಧಿ ಅಂಗಡಿಯ ಕಡೆ ಹೋದಾಗ ಐದು ನಿಮಿಷ ಒಳಗೆ ಹೋದೆ. ಕೆನ್ನೆ ಒಳಸೇರಿದೆ. ಕುತ್ತಿಗೆಯ ಚರ್ಮ ಖಾಲಿ ಚೀಲದ ಹಾಗೆ ಜೋತಿದೆ. ಅವ್ವನ ಕೊನೆಯ ದಿನಗಳ ಮುಖ.

“ಅದರಾಗ ಬರೇ ನೀರ ಇತ್ತಂತಕ್ಕ,” ಎಂದಳು. ಅವಳಿಗೆ ಯಾರೋ ಹೇಳಿದ್ದಾರೆ.

“ಹೂಂ.”

“ಅದಕ್ಕ ನಂಗ ಹಸಿವಿ ಹೋಗಿದ್ದಿಲ್ಲ.”

ಅವಳ ದನಿ ಬಹಳ ಸಣ್ಣದು. ಹತ್ತಿರ ಬಗ್ಗಿ ಕೇಳಿದೆ.

“ಮೊದಲನೇ ದಿನದಿಂದ ಹಸಿವಿತ್ತು. ನಿಂಗ ಹೋತಂದಿ. ನಂಗ ಯಾಕ ಹೋಗವಲ್ದು ಅಂತ... ನನ್ನ ಮೈನ ಕೆಟ್ಟದ್ದು ಅನಕೊಂಡೆ. ತಿನ್ನಾಕ ಹುಟ್ಟಿದ ಖಾದಾಡಿ ಮೈ, ಔಷಧಕ್ಕೂ ಬಗ್ಗವಲ್ದು ಅಂತ. ನೀ ಉಡ್ಯಾಗ ಹಾಕಿದ್ದಿ. ಅದನ್ನ ಸುಳ್ಳ ಮಾಡಬಾರದಂತ ಉಣ್ಣೂದ ಬಿಟ್ಟೆ. ಹಸಿವ್ಯಾದಾಗ ನೀರ ಕುಡದ ಹೊಟ್ಟಿ ಪಟ್ಟಿ ಇನ್ನೊಂದೀಟ ಬಿಗೀತಿದ್ದೆ.”

“ನಂಗ ಹೇಳಬಾರದಿತ್ತೇನ, ಮಾದೀ?”

“ಹೆಂಗ ಹೇಳ್ಲಿ? ನೀ ಎಷ್ಟ ಖುಷಿಯಾಗಿದ್ದಿ.”

ಆಮೇಲೆ ಕಣ್ಣು ಮುಚ್ಚಿದಳು. ನರ್ಸ್ ಬಂದು ಹೊರಗೆ ಹೋಗಲು ಹೇಳಿದರು.

ಅವಳನ್ನು ಬಾಡಿಸಿದ್ದು ನೀರಲ್ಲ, ಔಷಧಿಯಲ್ಲ. ನನ್ನ ಮಾತು. ಆ ಸೂಜಿಯನ್ನು ದಿನಾ ಫೋನಿನಲ್ಲಿ ಹಾಕುತ್ತಿದ್ದೆ, ವಾರ ಬಿಟ್ಟು ವಾರವಲ್ಲ.

೧೫ ಡಿಸೆಂಬರ್, ಭಾನುವಾರ

ಮನೆಗೆ ಕಳಿಸಿದರು. ಗಂಟಿನ ಆಪರೇಶನ್ ಇನ್ನು ಒಂದು ವರ್ಷ ಯೋಚಿಸುವ ಹಾಗಿಲ್ಲ. ಮೈಯಲ್ಲಿ ಶಕ್ತಿ ಇಲ್ಲ. ಆಂಬುಲೆನ್ಸಿನ ಬಾಗಿಲು ಹಾಕುವ ಮೊದಲು ನಾನು ಹಣ್ಣಿನ ಚೀಲ ಒಳಗಿಡಲು ಹೋದೆ. ಸುಭಾಸ ಅದನ್ನು ಮೆಲ್ಲಗೆ ತೆಗೆದು ನನ್ನ ಕೈಗೇ ಕೊಟ್ಟ.

“ಸಿಟ್ಟಿಲ್ರಿ ಅಕ್ಕಾರ,” ಎಂದ. “ಆದ್ರ ಇನ್ನ ಮ್ಯಾಲ ನಮ್ಮ ಮನಿಗೆ ಏನೂ ತರಬ್ಯಾಡ್ರಿ. ನೀವೂ ಒಂದೀಟ ದಿನ ಬರಬ್ಯಾಡ್ರಿ. ಫೋನೂ ಬ್ಯಾಡ. ನೀವು ಹೇಳಿದ್ರ ಆಕಿ ಬಾವಿನೂ ಬೀಳತಾಳ.”

ಮಾದೇವಿ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗಲಿಲ್ಲ.

೧೭ ಡಿಸೆಂಬರ್, ಮಂಗಳವಾರ

ಸಂಶೋಧನೆಯಿಂದ ನನ್ನನ್ನು ತೆಗೆದ ಕಾಗದಕ್ಕೆ ಸಹಿ ಮಾಡಿ ಬಂದೆ. ಭಾಗ್ಯಶ್ರೀ ಎರಡು ಪುಟದ ವರದಿ ಬರೆಯಬೇಕಾಯಿತಂತೆ. ತೂಕ ನೋಡಿದಳು. “ಮೇಡಂ, ಈ ತಿಂಗಳ ಇಷ್ಟ ಹೆಂಗ ಇಳದ್ರಿ?” ಎಂದಳು. ನಾನು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

೧೯ ಡಿಸೆಂಬರ್, ಗುರುವಾರ

ರಜೆ ಹಾಕಿದ್ದೇನೆ. ಒಲೆ ಹಚ್ಚಲಿಲ್ಲ. ಬೇಕೆನ್ನಿಸಿದಾಗ ನೀರು.

೨೦

ಹಸಿವೆಯಿದೆ. ಇರಲಿ. ಅವಳು ಮೂರು ತಿಂಗಳು ಹಸಿದೇ ಇದ್ದಳು.

೨೨ ಡಿಸೆಂಬರ್, ಭಾನುವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಏಳಲಿಲ್ಲ. ಮತ್ತೆ ಬಡಿದ ಸದ್ದು, ಕೈಯಿಂದಲ್ಲ, ಕಾಲಿನಿಂದ. ಗೋಡೆ ಹಿಡಿದು ಎದ್ದು ಹೋಗಿ ತೆಗೆದೆ.

ನುಜಹತ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಒಂದು ಕೈಯಲ್ಲಿ ಮುಚ್ಚಿದ ತಾಟು, ಇನ್ನೊಂದರಲ್ಲಿ ಫೋನು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಅಳತೆ ತೆಗೆದುಕೊಳ್ಳುವವರ ನೋಟ. ಅವಳ ಮುಖ ಸಣ್ಣಗಾಯಿತು. ಹೊಸಿಲು ದಾಟಲಿಲ್ಲ, ತಾಟನ್ನು ಮುಂದೆ ಚಾಚಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ.

“ಬ್ಯಾಡ ನುಜಹತ. ಈಗ ಉಂಡೇನಿ,” ಎಂದೆ.

ಅವಳು ಫೋನನ್ನು ಎತ್ತಿ ತೋರಿಸಿದಳು. ಅದರ ಪರದೆ ಉರಿಯುತ್ತಿತ್ತು. ತಡಸದಿಂದ ಬಂದ ಕರೆ. ನಿಮಿಷಗಳು ಓಡುತ್ತಿದ್ದವು.

“ನಿಮ್ಮ ತಂಗಿ ಅದಾಳ್ರಿ ಟೀಚರ, ಸುಭಾಸಣ್ಣ ಅಂಗಡಿಗೆ ಹೋಗ್ಯಾನಂತ,” ಎಂದಳು ನುಜಹತ. “ನಿಮ್ಮ ಒಲಿ ಹೊತ್ತಿಲ್ಲಂತ ನಾನ ಹೇಳೇನ್ರಿ. ನಿಮ್ಮ ಕೂಡ ಮಾತಾಡಂಗಿಲ್ಲಂತ. ನೀವು ಉಂಡ ಮ್ಯಾಲ ಫೋನ್ ಇಡತಾಳಂತ.”